ಮಾವನವರು ಮೇಜು ಹತ್ತಿದ ಹಬ್ಬ

ಹೋದ ವರ್ಷ ಲೆಬರಾನ್, ಎಂದರೆ ಈದ್ ಹಬ್ಬಕ್ಕೆ ಊರಿಗೆ ಹೋಗಿದ್ದಾಗ ನನ್ನ ಮಗಳು ವೆನಿಂಗ್ ತನ್ನ ಅಜ್ಜನ ಹಕ್ಕಿಯನ್ನು ಪಂಜರದಿಂದ ಹಾರಿಬಿಟ್ಟಿದ್ದಳು. ಇದು ನನಗೆ ಗೊತ್ತಾದದ್ದು ಹತ್ತು ತಿಂಗಳ ಮೇಲೆ. ಅಷ್ಟು ದಿನ ಆ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗಿದವನು ನನ್ನ ಮೈದುನ ತುಗಿಮಾನ್.

ಹಕ್ಕಿ ಎಂದರೆ ಅಂಥಿಂಥ ಹಕ್ಕಿಯಲ್ಲ. ಬೂದು ಬಣ್ಣದ ಪುಟ್ಟ ಪರ್ಕುತುತ್, ಕೂಗುವ ಹಕ್ಕಿ. ನನ್ನ ಮಾವ ಪ್ರತಿದಿನ ಬೆಳಿಗ್ಗೆ ಪಂಜರವನ್ನು ಕಂಬದಿಂದ ಇಳಿಸಿ ಜಗುಲಿಯಲ್ಲಿಟ್ಟು, ಅದರ ಎದುರು ಕೂತು, ಅದು ಕೂಗುವವರೆಗೆ ಟೀ ಮುಟ್ಟುತ್ತಿರಲಿಲ್ಲ. ಹಬ್ಬದ ಮರುದಿನ ನೋಡಿದರೆ ಪಂಜರದ ಬಾಗಿಲು ತೆರೆದಿದೆ, ಹಕ್ಕಿ ಇಲ್ಲ. ಅಂದು ಅದಕ್ಕೆ ನೀರಿಟ್ಟವನು ತುಗಿಮಾನ್. ಹಾಗಾಗಿ ಚಿಲಕ ಹಾಕುವುದನ್ನು ಮರೆತವನೂ ಅವನೇ ಎಂದು ಎಲ್ಲರೂ ತೀರ್ಮಾನಿಸಿದರು. ಪಾಪ, ಅವನೂ ಹಾಗೇ ನಂಬಿದ.

ನಾನು ಸುಮಾತ್ರಾದ ಮಂದೈಲಿಂಗ್ ಜನ. ನಮ್ಮ ಕಡೆ ಇಂಥದ್ದು ನಡೆದಿದ್ದರೆ ಅಪ್ಪ ಮಗ ಅರ್ಧ ಗಂಟೆ ಬೀದಿಗೆ ಕೇಳುವಂತೆ ಕಿರುಚಾಡಿ, ಆಮೇಲೆ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ನಾನು ಸೊಸೆಯಾಗಿ ಬಂದದ್ದು ಜಾವಾದ ಮನೆಗೆ. ಇಲ್ಲಿ ಯಾರೂ ಯಾರಿಗೂ ಬೈಯುವುದಿಲ್ಲ. ಮಾವ ಮಗನೊಡನೆ ನೇರವಾಗಿ ಮಾತಾಡುವುದನ್ನು ನಿಲ್ಲಿಸಿದರು, ಅಷ್ಟೇ. ಪಕ್ಕದಲ್ಲೇ ಕೂತಿರುವ ತುಗಿಮಾನ್‌ನಿಂದ ಉಪ್ಪಿನ ಬಟ್ಟಲು ಬೇಕಾದರೂ ಅತ್ತೆಯ ಕಡೆ ತಿರುಗಿ, "ತುಗಿಮಾನ್‌ಗೆ ಹೇಳು, ಉಪ್ಪು ಈ ಕಡೆ ಸರಿಸಲಿ" ಎನ್ನುತ್ತಿದ್ದರು. ಒಂದು ವರ್ಷದಿಂದ ಅತ್ತೆ ಆ ಮನೆಯಲ್ಲಿ ಅಂಚೆ ಕಚೇರಿಯ ಕೆಲಸ ಮಾಡುತ್ತಿದ್ದರು.

ನಿಜ ಹೊರಬಿದ್ದದ್ದು ಬೆಕಾಸಿ ಪಟ್ಟಣದ ನಮ್ಮ ಮನೆಯಲ್ಲಿ. ವೆನಿಂಗ್‌ಗೆ ಹನ್ನೆರಡು ವರ್ಷ. ಹುಟ್ಟುವಾಗ ಉಸಿರು ತಡವಾದ್ದರಿಂದ ಕೈಕಾಲು ಬಿಗಿ, ಓಡಾಟವೆಲ್ಲ ಗಾಲಿಕುರ್ಚಿಯಲ್ಲಿ. ಮಾತು ಒಂದೊಂದೇ ಪದವಾಗಿ ಬರುತ್ತದೆ. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ಬೇಕಾದರೆ ನೀವು ಒಂದು ಲೋಟ ಟೀ ಮುಗಿಸಬಹುದು. ತಲೆ ಮಾತ್ರ ಬಲು ಚುರುಕು, ನಾಲಿಗೆ ನನ್ನದೇ. ಮಾತು ಕಲಿಸುವ ಟೀಚರ್ ಈ ಸಲ ಹಬ್ಬಕ್ಕೆ ಯಾವ ವಾಕ್ಯ ಅಭ್ಯಾಸ ಮಾಡೋಣ ಎಂದು ಕೇಳಿದ್ದರಂತೆ. ನಾಲ್ಕು ವಾರದ ಮೇಲೆ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಬು, ನಿಮ್ಮ ಮಗಳು ಅಭ್ಯಾಸ ಮಾಡ್ತಿರೋದು ತಪ್ಪೊಪ್ಪಿಗೆ. ನಿಮಗೆ ಗೊತ್ತಿರಲಿ ಅಂತ ಹೇಳ್ದೆ" ಎಂದರು. 'ಬು' ಎಂದರೆ ಅಮ್ಮಾವ್ರೇ ಎಂದ ಹಾಗೆ.

ನಾನು ವೆನಿಂಗ್‌ಳನ್ನು ಕೇಳಿದೆ. ಅವಳು ಎಲ್ಲ ಹೇಳಿದಳು. ಯಾರ ಮುಖಕ್ಕೆ ಬೇಕಾದರೂ ಹೊಡೆದ ಹಾಗೆ ಮಾತಾಡುವ ನಾನು ಅಂದು ಮೆತ್ತಗೆ, "ಆಗಿದ್ದು ಆಗೋಯ್ತು. ಸುಮ್ನಿದ್ಬಿಡು" ಎಂದೆ. ಹದಿಮೂರು ವರ್ಷಕ್ಕೆ ಈಗ ತಾನೇ ಆ ಮನೆಯವರು ನನ್ನ ದೊಡ್ಡ ದನಿಗೆ ಒಗ್ಗಿಕೊಂಡಿದ್ದರು. ಹಬ್ಬದ ದಿನ, ಎಲ್ಲರ ಎದುರು, ನನ್ನ ಮಗಳೇ ಮನೆಯ ಹಕ್ಕಿ ಕಳೆದವಳು ಎಂದು ತಿಳಿಯುವುದು ನನಗೆ ಬೇಡವಾಗಿತ್ತು.

"ಅಮ್ಮ," ಎಂದಳು ವೆನಿಂಗ್. ನಾನು ಕಾದೆ. "ಪುಕ್ಕಲಿ," ಎಂದಳು.

ಅವಳದು ಇನ್ನೊಂದು ಷರತ್ತೂ ಇತ್ತು. ತನ್ನನ್ನು ಯಾರೂ ಎತ್ತಬಾರದು. ಇದರ ಹಿಂದೆ ಕಥೆಯಿದೆ. ಉಪವಾಸದ ತಿಂಗಳು ಮುಗಿದು ಲೆಬರಾನ್ ಬೆಳಿಗ್ಗೆ ಮಾವ ಕೆತ್ತನೆಯ ಕುರ್ಚಿಯಲ್ಲಿ ಕೂರುತ್ತಾರೆ. ಮನೆಮಂದಿ ವಯಸ್ಸಿನ ಸಾಲಿನಲ್ಲಿ ಮಂಡಿಯೂರಿ ಸರಿದು ಬಂದು, ಅವರ ಮೊಣಕಾಲಿಗೆ ಹಣೆಯಿಟ್ಟು, ವರ್ಷದ ತಪ್ಪಿಗೆಲ್ಲ ಕ್ಷಮೆ ಕೇಳುತ್ತಾರೆ. ಅವರು ತಲೆ ಸವರಿ ಕ್ಷಮಿಸುತ್ತಾರೆ. ವೆನಿಂಗ್‌ಳ ಸರದಿ ಬಂದಾಗ ಮಾತ್ರ ಇಬ್ಬರು ಚಿಕ್ಕಪ್ಪಂದಿರು, ಒಬ್ಬ ಕಂಕುಳಿಗೆ ಒಬ್ಬ ಕಾಲಿಗೆ ಕೈಹಾಕಿ, ಲಾರಿಯಿಂದ ಫ್ರಿಜ್ ಇಳಿಸುವ ಹಾಗೆ ಇಳಿಸಿ, ಅವಳ ಹಣೆಯನ್ನು ಮಾವನ ಮೊಣಕಾಲಿಗೆ ಒತ್ತುತ್ತಿದ್ದರು. ಅವಳು ಬಾಯಿ ತೆರೆಯುವ ಮೊದಲೇ ಮಾವ, "ಈ ಮಗೂಗೆ ಎಲ್ಲಿಯ ಪಾಪ. ಇವಳೇ ನಮ್ಮನೆ ಪುಣ್ಯ" ಎನ್ನುತ್ತಿದ್ದರು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು, ಫ್ರಿಜ್ಜು ವಾಪಸು ಮೇಲೇಳುತ್ತಿತ್ತು. ಒಟ್ಟು ಮೂರು ಸೆಕೆಂಡಿನ ಕೆಲಸ.

ಹಬ್ಬಕ್ಕೆ ಎರಡು ದಿನ ಮೊದಲು ನಾವು ಮೂವರೂ ರೈಲಿಗೆ ಹೊರಟೆವು. ಜೊತೆಗೆ ಊರಿಗೆ ಒಯ್ಯುವ ಆರು ರಟ್ಟಿನ ಪೆಟ್ಟಿಗೆ, ಎಲ್ಲಕ್ಕೂ ಪ್ಲಾಸ್ಟಿಕ್ ದಾರದ ಕಟ್ಟು. ನನ್ನ ಗಂಡ ಹರ್ತಾಂತೋ ಅವುಗಳಲ್ಲಿ ಎರಡನ್ನು ಗಾಲಿಕುರ್ಚಿಯ ಹಿಂದೆ ನೇತುಹಾಕಿ, ಒಂದನ್ನು ಮಗಳ ತೊಡೆಯ ಮೇಲಿಟ್ಟಿದ್ದರು. ಪೆಟ್ಟಿಗೆಯ ಮೇಲಿಂದ ಅವಳ ಕಣ್ಣು ಮಾತ್ರ ಕಾಣುತ್ತಿತ್ತು.

ಸ್ಟೇಷನ್ನಿನಲ್ಲಿ ಒಬ್ಬ ಅಧಿಕಾರಿ ಬಂದು ಎದೆಗೆ ಕೈಯಿಟ್ಟು ನಮಸ್ಕರಿಸಿದ. ಅವನ ಹಿಂದೆ ಒಂದು ಖಾಲಿ ಗಾಲಿಕುರ್ಚಿ.

"ಬು, ವೀಲ್‌ಚೇರ್ ಪ್ರಯಾಣಿಕರು ನಮ್ಮ ವೀಲ್‌ಚೇರಲ್ಲೇ ಹೋಗ್ಬೇಕು ಅಂತ ನಿಯಮ. ದಯವಿಟ್ಟು ಇದಕ್ಕೆ ಬನ್ನಿ."

"ಅವಳು ಕೂತಿರೋದೇ ವೀಲ್‌ಚೇರಲ್ಲಿ ಅಲ್ವಾ?"

"ಅದು ಸಾಮಾನು ಬು."

ನನ್ನ ಗಂಡ ಆಗಲೇ "ಹೌದು ಹೌದು, ಸರಿ" ಎಂದುಬಿಟ್ಟಿದ್ದರು. ಜಾವಾದವರ ಬಾಯಲ್ಲಿ ಇಲ್ಲ ಎನ್ನುವ ಮಾತು ಹುಟ್ಟುವುದೇ ಇಲ್ಲ. ಅಷ್ಟರಲ್ಲಿ ಪೆಟ್ಟಿಗೆಯ ಹಿಂದಿನಿಂದ ದನಿ ಬಂತು. "ಇದು." ಅಧಿಕಾರಿ ಬಗ್ಗಿದ. "ನನ್ನ." ಅವನು ಇನ್ನಷ್ಟು ಬಗ್ಗಿದ. "ಕಾಲು."

"ನಿಮ್ಮ ಕಾಲನ್ನ ಬಿಚ್ಚಿ ಸಾಮಾನಿಗೆ ಹಾಕಿ ಅಂದ್ರೆ ಹಾಕ್ತೀರಾ?" ಎಂದೆ ನಾನು. ಅಕ್ಕಪಕ್ಕದ ಮೂರು ಸಂಸಾರಗಳು ತಿರುಗಿ ನೋಡಿದವು.

ಅಧಿಕಾರಿ ಒಳ್ಳೆಯವನು. ನಿಯಮವೂ ಉಳಿಯಬೇಕು, ನಮ್ಮ ಮನಸ್ಸೂ ನೋಯಬಾರದು. ಬಹಳ ಹೊತ್ತು ಯೋಚಿಸಿ ಒಂದು ದಾರಿ ಹುಡುಕಿದ. ವೆನಿಂಗ್ ತನ್ನ ಕುರ್ಚಿಯಲ್ಲೇ ಹೋದಳು. ಪಕ್ಕದಲ್ಲಿ ಸರಕಾರಿ ಗಾಲಿಕುರ್ಚಿಯೂ ಬಂತು, ಅದರಲ್ಲಿ ನಮ್ಮ ರಟ್ಟಿನ ಪೆಟ್ಟಿಗೆಗಳು, ಬೀಳದ ಹಾಗೆ ಬೆಲ್ಟು ಹಾಕಿಸಿಕೊಂಡು. ಕಾಗದದಲ್ಲಿ ಅವನು "ನಮ್ಮ ಗಾಲಿಕುರ್ಚಿ ಬಳಸಲಾಗಿದೆ" ಎಂದು ಬರೆದು ನನ್ನಿಂದ ಸಹಿ ಹಾಕಿಸಿಕೊಂಡ. ಸುಳ್ಳೇನೂ ಅಲ್ಲ.

ರೈಲಿನ ಒಳಗೆ ನಡುವಿನ ದಾರಿ ಕಿರಿದು, ಕುರ್ಚಿ ಹೋಗುವುದಿಲ್ಲ. ಅಲ್ಲಿ ಮಾತ್ರ ಎತ್ತಲೇಬೇಕು. ಹರ್ತಾಂತೋ ಮಗಳ ಎದುರು ಕೂತು, "ಎತ್ಲಾ?" ಎಂದು ಕೇಳಿದರು. ಅವಳು ಯೋಚಿಸಿ, "ಎತ್ತಿ," ಎಂದಳು. ಒಂದು, ಎರಡು, ಮೂರು ಎಂದು ಅವಳೇ ಎಣಿಸಿದಳು. ಎರಡಕ್ಕೂ ಮೂರಕ್ಕೂ ನಡುವೆ ಅರ್ಧ ಬೋಗಿ ನಮ್ಮ ಹಿಂದೆ ಸಾಲುಗಟ್ಟಿ ನಿಂತಿತ್ತು. ಅವರು ಬೆವರುತ್ತ ಕಾದರು. ಕೇಳಿ ಎತ್ತುವುದು ಬೇರೆ, ಕೇಳದೆ ಎತ್ತುವುದು ಬೇರೆ ಎನ್ನುವುದು ಅವಳ ಲೆಕ್ಕ.

ಎದುರು ಸೀಟಿನ ಹೆಂಗಸು ರೈಲು ಹೊರಟು ಹತ್ತು ನಿಮಿಷ ತಡೆದುಕೊಂಡಳು. ಆಮೇಲೆ ನನ್ನ ಕಡೆ ಬಗ್ಗಿ, "ಮಗೂಗೆ ಏನಾಗಿದೆ ಅಕ್ಕ?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ವೆನಿಂಗ್ ಕೈ ಎತ್ತಿ ತಡೆದಳು. ಹೆಂಗಸು ಅವಳ ಕಡೆ ತಿರುಗಿ, ಕರುಣೆಯಿಂದ ತಲೆ ಓರೆ ಮಾಡಿ ಕಾದಳು. ಒಂದು ಗದ್ದೆ ಹೋಯಿತು, ಒಂದು ಸೇತುವೆ ಹೋಯಿತು.

"ಹೊಟ್ಟೆ," ಎಂದಳು ವೆನಿಂಗ್. "ಹಸಿದಿದೆ."

ಆ ಹೆಂಗಸು ಪಾಪ ನಕ್ಕು, ತನ್ನ ಡಬ್ಬಿಯಿಂದ ಬಾಳೆಹಣ್ಣಿನ ಕರಿದ ತುಂಡು ಕೊಟ್ಟಳು. ಉಪವಾಸದಲ್ಲಿದ್ದ ನಾವು ದೊಡ್ಡವರು ಕಿಟಕಿಯಾಚೆ ನೋಡುತ್ತ ಕೂತೆವು. ಆ ಹೊತ್ತಿನಲ್ಲಿ ನಾನು ಮತ್ತೆ ಮಗಳ ಕಿವಿಯಲ್ಲಿ, "ಆ ಹಕ್ಕಿ ವಿಷಯ ಬಿಟ್ಬಿಡು, ನಿನಗೆ ಹೊಸ ಟ್ಯಾಬ್ ಕೊಡಿಸ್ತೀನಿ" ಎಂದೆ. ಅವಳು ಬಾಳೆಹಣ್ಣು ಜಗಿಯುತ್ತ ನನ್ನನ್ನು ನೋಡಿದ ರೀತಿಗೆ ನನಗೆ ನಾಚಿಕೆಯಾಯಿತು.

ಊರಿನ ಸ್ಟೇಷನ್ನಿಗೆ ತುಗಿಮಾನ್ ವ್ಯಾನು ತಂದಿದ್ದ. ಅವನಷ್ಟು ಒಳ್ಳೆಯವನನ್ನು ನಾನು ನೋಡಿಲ್ಲ. ನಮ್ಮನ್ನು ಕಂಡದ್ದೇ ಕಣ್ಣರಳಿಸಿ, "ಅತ್ತಿಗೆ, ಮನೇಲಿ ಒಂದು ವಿಶೇಷ ಇದೆ. ಈಗ ಹೇಳಲ್ಲ" ಎಂದ. ಕುರ್ಚಿಯನ್ನು ಮಡಚುವುದು ಹೇಗೆಂದು ವೆನಿಂಗ್‌ಳನ್ನೇ ಕೇಳಿ ಮಡಚಿದ. ವ್ಯಾನು ಹೊರಟ ಮೇಲೆ ಅವಳು ತಡೆಯದೆ ಶುರುಮಾಡಿದಳು.

"ಪಾಕ್ಲಿಕ್." ಚಿಕ್ಕಪ್ಪನನ್ನು ಅವಳು ಕರೆಯುವುದು ಹಾಗೆ. "ನಾನು. ಹಕ್ಕಿ."

"ಹಕ್ಕಿ ನೋಡ್ಬೇಕಾ ಗೆಂದುಕ್?" ಅವನ ಮುಖ ಇಳಿದುಹೋಯಿತು. "ಎಲ್ಲಿ ತೋರಿಸ್ಲಿ. ಹೊಸದು ತರ್ತೀನಿ ಅಂದ್ರೆ ನಿನ್ನ ಕಕುಂಗ್ ಬೇಡ ಅಂದ್ರು. ನನಗಲ್ಲ, ನಿನ್ನ ಉತಿಗೆ ಹೇಳಿದ್ರು. ಎಲ್ಲ ನನ್ನ ತಪ್ಪು. ಆವತ್ತು ಚಿಲಕ ಹಾಕಿದ ಹಾಗೇ ನೆನಪು, ಆದ್ರೂ." ಗೆಂದುಕ್ ಎಂದರೆ ಪುಟ್ಟಿ; ಕಕುಂಗ್, ಉತಿ ಎಂದರೆ ಅಜ್ಜ, ಅಜ್ಜಿ.

ವೆನಿಂಗ್ ಸೀಟಿಗೆ ಕೈ ಬಡಿದಳು. ನಾನು ಹೊರಗೆ ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವನ ಹೊರೆ ಅಲ್ಲೇ ಇಳಿಯುತ್ತಿತ್ತು. ನಾನು ಹೇಳಲಿಲ್ಲ.

ವಿಶೇಷ ಏನೆಂದು ಮನೆಯ ಮುಂದೆ ಇಳಿದಾಗ ಕಂಡಿತು. ಜಗುಲಿಯ ಮೂರು ಮೆಟ್ಟಿಲಿನ ಪಕ್ಕ ತುಗಿಮಾನ್ ಒಂದು ತಿಂಗಳು ದುಡಿದು ಇಳಿಜಾರು ಕಟ್ಟಿದ್ದ. ಹಬ್ಬದ ಮನೆ ಚೆನ್ನಾಗಿ ಕಾಣಲಿ ಎಂದು ಅದಕ್ಕೆ ಬಿಳಿಯ ಹೊಳೆಯುವ ಟೈಲ್ಸ್ ಹಾಕಿಸಿದ್ದ. ಅಂದು ಬೆಳಿಗ್ಗೆ ಫಿನಾಯಿಲ್ ಹಾಕಿ ಎರಡು ಸಲ ಒರೆಸಿಯೂ ಇದ್ದ. ಇಳಿಜಾರು ನಮ್ಮ ಅಡುಗೆಮನೆಯ ಮಾಡಿನಷ್ಟು ಕಡಿದು. ಅದರ ತುದಿಯಲ್ಲಿ ಒಂದು ಗೇಣು ಎತ್ತರದ ಹೊಸ್ತಿಲು.

"ಇದು ಯಾಕೆ?" ಎಂದು ಹೊಸ್ತಿಲು ತೋರಿಸಿದೆ.

"ಹೊಸ್ತಿಲಿಲ್ದೆ ಮನೆ ಹೇಗೆ ಅತ್ತಿಗೆ?" ಎಂದ ಅವನು, ನಿಜಕ್ಕೂ ಅರ್ಥವಾಗದೆ.

ಹರ್ತಾಂತೋ ಹಿಂದಿನಿಂದ ತಳ್ಳಿದರು. ತುಗಿಮಾನ್ ಮುಂದಿನಿಂದ ಎಳೆದ. ನಾಲ್ಕು ಹೆಜ್ಜೆಗೆ ತುಗಿಮಾನ್‌ನ ಚಪ್ಪಲಿ ಜಾರಿ ಅವನು ಕೂತಲ್ಲೇ ಕೆಳಗೆ ಬಂದ. ಕುರ್ಚಿ ನನ್ನ ಗಂಡನನ್ನು ಹಿಮ್ಮುಖವಾಗಿ ತಳ್ಳಿಕೊಂಡು ಅಂಗಳ ದಾಟಿ, ಕೋಳಿಗಳನ್ನು ಚದುರಿಸಿ, ಮಲ್ಲಿಗೆ ಪೊದೆಯಲ್ಲಿ ನಿಂತಿತು. ನಾನು ಕಿರುಚಿಕೊಂಡು ಓಡಿದೆ. ಹರ್ತಾಂತೋ ಪೊದೆಯೊಳಗೆ ಮಲಗಿ ನನಗೆ "ಏನೂ ಆಗಿಲ್ಲ ದಿಕ್, ಏನೂ ಆಗಿಲ್ಲ" ಎನ್ನುತ್ತಿದ್ದರು. ವೆನಿಂಗ್ ನಗುವಿನಿಂದ ಬಿಗಿದುಹೋಗಿದ್ದಳು.

"ಇನ್ನೊಂದು. ಸಲ."

ಇನ್ನೊಂದು ಸಲಕ್ಕೆ ಗೋಣಿಚೀಲ ಹಾಸಿ ಮೇಲೆ ಮರಳು ಸುರಿದೆವು. ಹೊಸ್ತಿಲಿಗೆ ಎರಡೂ ಕಡೆ ಹಲಗೆ ಕೊಟ್ಟೆವು. ಕುರ್ಚಿಯನ್ನು ಹಿಂದುಮುಂದಾಗಿ ಎಳೆದು ಮೇಲೆ ಹತ್ತಿಸಿದೆವು. ಬಿಳಿಯ ಟೈಲ್ಸಿನ ಒಂದು ಚೂರೂ ಕಾಣಿಸಲಿಲ್ಲ. ಮಾವ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದರು. ಮೊಮ್ಮಗಳ ತಲೆ ಸವರಿ, ಆಮೇಲೆ ಅತ್ತೆಯ ಕಡೆ ತಿರುಗಿದರು.

"ತುಗಿಮಾನ್‌ಗೆ ಹೇಳು, ಇಳಿಜಾರು ಸ್ವಲ್ಪ ಕಡಿದಾಯ್ತು ಅಂತ."

ತುಗಿಮಾನ್ ಅವರಿಂದ ಒಂದು ಮಾರು ದೂರದಲ್ಲಿ, ಮೈಯೆಲ್ಲ ಮರಳಾಗಿ ನಿಂತಿದ್ದ. "ಇಬು, ಬಪಾಕ್‌ಗೆ ಹೇಳಿ, ಹಬ್ಬ ಕಳೆದ ಮೇಲೆ ಸರಿ ಮಾಡ್ತೀನಿ ಅಂತ," ಎಂದು ತನ್ನ ಅಮ್ಮನಿಗೆ ಹೇಳಿದ.

ವೆನಿಂಗ್ ಅಜ್ಜನನ್ನೂ ನೋಡಿದಳು, ಚಿಕ್ಕಪ್ಪನನ್ನೂ ನೋಡಿದಳು. ಅವಳ ನಗು ನಿಂತುಹೋಯಿತು. ಇನ್ನು ಇವಳನ್ನು ತಡೆಯುವುದು ನನ್ನಿಂದಾಗದು ಎಂದು ನನಗೆ ಆಗಲೇ ಗೊತ್ತಾಯಿತು.

ಹಬ್ಬದ ಬೆಳಿಗ್ಗೆ ನಮಾಜು ಮುಗಿಸಿ ಎಲ್ಲರೂ ಹಜಾರದಲ್ಲಿ ಸೇರಿದೆವು. ಅತ್ತೆ, ಮಾವ, ಅವರ ಮಕ್ಕಳು ಸೊಸೆಯರು, ದಾಯಾದಿಗಳು ಸೇರಿ ಮೂವತ್ತು ಮಂದಿ. ಮಾವ ಬಾಟಿಕ್ ಪಂಚೆಯುಟ್ಟು, ತಲೆಗೆ ಬ್ಲಂಕೋನ್ ಟೋಪಿ ಇಟ್ಟು ಕುರ್ಚಿಯಲ್ಲಿ ಕೂತರು. ಒಬ್ಬೊಬ್ಬರೇ ಮಂಡಿಯಲ್ಲಿ ಸರಿದು ಹೋಗಿ ಬಂದರು. ತುಗಿಮಾನ್ ಹೋದಾಗ ಮಾವ ಅವನ ತಲೆ ಸವರಿದರು, ಮಾತು ಮಾತ್ರ ಗೋಡೆಗೆ ಹೇಳಿದ ಹಾಗೆ ಎಲ್ಲೋ ನೋಡಿ ಹೇಳಿದರು. ವೆನಿಂಗ್‌ಳ ಸರದಿ ಬಂದಾಗ ಇಬ್ಬರು ಚಿಕ್ಕಪ್ಪಂದಿರು ಅಭ್ಯಾಸಬಲದಿಂದ ತೋಳು ಮಡಚಿ ಮುಂದೆ ಬಂದರು.

"ಬೇಡ," ಎಂದಳು ವೆನಿಂಗ್. ಬ್ರೇಕಿನ ಮೇಲೆ ಕೈಯಿಟ್ಟಳು. "ಕುರ್ಚಿಯಲ್ಲೇ."

ಈಗ ಕಷ್ಟ ಶುರುವಾಯಿತು. ಅವಳ ಗಾಲಿಕುರ್ಚಿ ಎತ್ತರ, ಮಾವನ ಕೆತ್ತನೆ ಕುರ್ಚಿ ಗಿಡ್ಡ. ಹತ್ತಿರ ಬಂದರೆ ಅವಳ ತಲೆ ಅವರ ತಲೆಗಿಂತ ನಾಲ್ಕು ಬೆರಳು ಮೇಲೆ. ಕ್ಷಮೆ ಕೇಳುವವರ ತಲೆ ಹಿರಿಯರ ತಲೆಗಿಂತ ಮೇಲಿರುವುದನ್ನು ಆ ಹಜಾರ ಕಂಡಿರಲಿಲ್ಲ. ಯಾರೂ ತಪ್ಪೆನ್ನಲಿಲ್ಲ. ಎಲ್ಲರೂ ಕೆಮ್ಮಿದರು. ಆಮೇಲೆ ಪಿಸುಪಿಸು ಸಭೆ ಸೇರಿತು. ಅವಳ ದಿಂಬು ತೆಗೆದು ನೋಡಿದರು, ಎರಡು ಬೆರಳು ಇಳಿಯಿತು. ಮಾವನ ಕೆಳಗೆ ದಿಂಬಿಟ್ಟರು, ಅವರು ವಾಲಿದರು. ಬೆನ್ನು ಬಗ್ಗಿಸಲಿ ಎಂದರೆ ಅವಳ ಬೆನ್ನು ಬಗ್ಗುವುದಿಲ್ಲ. ದೊಡ್ಡತ್ತೆಯೊಬ್ಬರು, "ಅವಳು ಕೇಳದಿದ್ರೂ ನಡೆಯುತ್ತಪ್ಪ. ಅಂಥ ಮಗು ಏನು ತಪ್ಪು ಮಾಡಿರುತ್ತೆ," ಎಂದರು. ಹರ್ತಾಂತೋ ಮಗಳ ಕಿವಿಯಲ್ಲಿ, "ಒಂದೇ ನಿಮಿಷ ಎತ್ಲಾ?" ಎಂದರು. ಅವಳು ಕೇಳಿಸಿಕೊಂಡಳು, ಬೇಡ ಎಂದಳು.

ಆಗ ಅತ್ತೆ ಮಾತಾಡಿದರು. ಹದಿಮೂರು ವರ್ಷದಲ್ಲಿ ಅವರು ಬೇರೆಯವರ ಮಾತನ್ನು ದಾಟಿಸಿದ್ದು ಕೇಳಿದ್ದೇನೆ, ತಮ್ಮದೇ ಒಂದು ತೀರ್ಮಾನ ಹೇಳಿದ್ದು ಕೇಳಿರಲಿಲ್ಲ.

"ಅವಳು ಇಳಿಯೋಕಾಗಲ್ಲ ಅಂದ್ರೆ ಇವರು ಹತ್ತಲಿ."

ಊಟದ ಮೇಜಿನಿಂದ ಕೋಳಿ ಸಾರಿನ ಪಾತ್ರೆ, ಕೆತುಪತ್ ಅನ್ನದ ಗಂಟು, ಬಿಸ್ಕತ್ತಿನ ಡಬ್ಬಿಗಳು ಎಲ್ಲವೂ ನೆಲಕ್ಕಿಳಿದವು. ಮೇಜು ಹಜಾರದ ನಡುವೆ ಬಂತು. ಎಪ್ಪತ್ತೆಂಟು ವರ್ಷದ ಮಾವ ಸ್ಟೂಲಿನ ಮೇಲೆ ಒಂದು ಕಾಲಿಟ್ಟರು, ಮೊಣಕಾಲು ಲಟಕ್ಕೆಂದಿತು. ಇನ್ನೊಂದು ಕಾಲಿಟ್ಟರು, ಅದೂ ಲಟಕ್ಕೆಂದಿತು. ನಾಲ್ಕು ಜನ ಸೊಂಟಕ್ಕೆ ಕೈಕೊಟ್ಟು ಮೇಲಕ್ಕೆ ತಳ್ಳಿದರು. ಅವರನ್ನು ಕೇಳಿ ತಳ್ಳಿದರಾ ಎಂದು ನೆನಪಿಲ್ಲ. ಕೊನೆಗೆ ಅವರು ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು, ನಾಲೆಯ ಸೇತುವೆ ಮೇಲೆ ಕೂತ ಹುಡುಗನ ಹಾಗೆ ಕೂತರು. ಅವರ ಮೊಣಕಾಲು ಸರಿಯಾಗಿ ವೆನಿಂಗ್‌ಳ ಕೈಗೆಟಕುವಷ್ಟು ಎತ್ತರದಲ್ಲಿತ್ತು. ತಲೆ ಅವಳಿಗಿಂತ ಒಂದು ಮೊಳ ಮೇಲಿತ್ತು. ಎಲ್ಲರೂ ಉಸಿರು ಬಿಟ್ಟರು.

ವೆನಿಂಗ್ ಬ್ರೇಕು ಬಿಟ್ಟಳು, ತಾನೇ ಗಾಲಿ ನೂಕಿಕೊಂಡು ಮುಂದೆ ಬಂದಳು. ಬಿಗಿದ ಕೈಯನ್ನು ಎತ್ತಿ ಅಜ್ಜನ ಮೊಣಕಾಲಿನ ಮೇಲಿಟ್ಟಳು.

"ಕಕುಂಗ್. ನಾನು."

"ಕ್ಷಮೆ ಕೇಳ್ತೀನಿ," ಎಂದು ಹಿಂದಿನಿಂದ ಯಾರೋ ಮುಗಿಸಿದರು.

"ನಾನು. ಹೋದ."

"ಹೋದ ವರ್ಷದ ತಪ್ಪಿಗೆಲ್ಲ," ಎಂದರು ದೊಡ್ಡತ್ತೆ.

"ಆಯ್ತು ಗೆಂದುಕ್, ಆಯ್ತು," ಎಂದು ಮಾವ ತಲೆ ಸವರತೊಡಗಿದರು. "ನಿನಗೆ ಎಲ್ಲಿಯ ಪಾಪ."

ಅವಳು ತಿರುಗಿ ನನ್ನನ್ನು ನೋಡಿದಳು. ಅಷ್ಟೇ ಮಾಡಿದಳು. ವರ್ಷಗಟ್ಟಲೆ ನುಂಗಿಕೊಂಡದ್ದೆಲ್ಲ ನನ್ನ ಗಂಟಲಿಗೆ ಬಂತು.

"ಎಲ್ಲರೂ ಬಾಯಿ ಮುಚ್ತೀರಾ ಸ್ವಲ್ಪ? ಅವಳಿನ್ನೂ ಮಾತಾಡ್ತಿದ್ದಾಳೆ. ಬಪಾಕ್, ನೀವೂನು."

ಅಂಗಳದಲ್ಲಿ ಕೋಳಿ ಕೂಡ ಸುಮ್ಮನಾಯಿತು. ಮಾವನಿಗೆ ಬಾಯಿ ಮುಚ್ಚಿ ಎಂದ ಸೊಸೆ ಆ ಊರಲ್ಲಿ ನಾನೇ ಮೊದಲಿರಬೇಕು. ಹರ್ತಾಂತೋ ಕಣ್ಣು ಮುಚ್ಚಿಕೊಂಡಿದ್ದರು. ಆ ನಿಶ್ಶಬ್ದದಲ್ಲಿ ವೆನಿಂಗ್ ನಿಧಾನವಾಗಿ, ಮೂರು ತಿಂಗಳು ಕಲಿತದ್ದನ್ನು ಪೂರ್ತಿ ಹೇಳಿದಳು.

"ಹಕ್ಕಿ. ಬಿಟ್ಟಿದ್ದು. ನಾನು. ಪಾಕ್ಲಿಕ್. ಅಲ್ಲ."

ಮಾವ ಅವಳ ಕಡೆ ಬಗ್ಗಿದರು. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು. "ಎಂಥ ಮನಸ್ಸು ನೋಡಿ," ಎಂದರು. "ಚಿಕ್ಕಪ್ಪನ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ತಾ ಇದೆ ಕೂಸು." ಹಜಾರದ ತುಂಬ ಕರವಸ್ತ್ರಗಳು ಹೊರಬಂದವು. ತುಗಿಮಾನ್ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದ.

ನನ್ನ ಮಗಳಿಗೆ ಅಷ್ಟು ಸಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಕತ್ತಿನ ನರ ಉಬ್ಬಿತು. "ಪಂಜರ," ಎಂದಳು. "ತನ್ನಿ."

ಖಾಲಿ ಪಂಜರವನ್ನು ಕಂಬದಿಂದ ಇಳಿಸಿ ತಂದವಳು ನಾನೇ. ಅವಳ ತೊಡೆಯ ಮೇಲಿಟ್ಟೆ. ಬಿದಿರಿನ ಚಿಲಕ, ಬೆರಳಿನಷ್ಟು ಚಿಕ್ಕದು. ಅವಳು ಎಡಗೈಯನ್ನು ಅದರ ಹತ್ತಿರ ತಂದಳು, ಕೈ ತಪ್ಪಿ ಆಚೆ ಹೋಯಿತು. ಮತ್ತೆ ತಂದಳು. ಸಹಾಯಕ್ಕೆಂದು ನುಗ್ಗಿದ ದೊಡ್ಡತ್ತೆಯ ಕೈಯನ್ನು ಅತ್ತೆ ಹಿಡಿದು ಹಿಂದಕ್ಕೆಳೆದರು. ಮೂವತ್ತು ಜನ ಕತ್ತು ಚಾಚಿ ನಿಂತಿದ್ದರು. ಎಂಟನೆಯ ಸಲಕ್ಕೋ ಒಂಬತ್ತನೆಯ ಸಲಕ್ಕೋ ಅವಳ ಕಿರುಬೆರಳು ಚಿಲಕದಡಿ ಸಿಕ್ಕಿತು, ಮೊಣಕೈ ಮೇಲೆದ್ದಿತು, ಬಾಗಿಲು ಪಟ್ಟೆಂದು ತೆರೆಯಿತು.

ಮಾವನ ಮುಖದ ಮೇಲಿನ ಕರುಣೆ ಎಲ್ಲಿ ಹೋಯಿತೋ. ಮುಖ ಮೆಲ್ಲಗೆ ಕೆಂಪಾಗತೊಡಗಿತು.

"ನೀನಾ?" ಎಂದರು.

"ನಾನು."

"ಯಾಕೆ?"

ಅವಳು ಯೋಚಿಸಿದಳು. "ಕೈಗೆ. ಆಗುತ್ತಾ. ನೋಡೋಕೆ."

"ಆಗುತ್ತಾ ನೋಡೋಕೆ?" ಮಾವನ ದನಿ ಏರಿತು. ಆ ದನಿ ಆ ಮನೆಯ ಗೋಡೆಗಳಿಗೂ ಹೊಸದು. "ನೋಡೋಕೆ ನನ್ನ ಹಕ್ಕೀನೇ ಬೇಕಾಗಿತ್ತೇನೇ? ಏಳು ವರ್ಷ ಸಾಕಿದ ಹಕ್ಕಿ. ಜ್ವರ ಬಂದಾಗ ಅಂಗೈಯಲ್ಲಿ ನೀರು ಕುಡಿಸಿದೀನಿ. ತೆಗೆದವಳು ತೆಗೆದೆ, ಒಂದು ವರ್ಷ ಬಾಯಲ್ಲಿ ಏನು ಕಡುಬಿಟ್ಕೊಂಡು ಕೂತಿದ್ಯೇನೇ? ಬುದ್ಧಿ ಇಲ್ವಾ ನಿನಗೆ? ಹನ್ನೆರಡು ವರ್ಷದ ಕತ್ತೆ."

"ಅಯ್ಯೋ, ಮಗೂಗೆ ಯಾಕೆ ಬೈತೀರಿ," ಎಂದು ದೊಡ್ಡತ್ತೆ ಅಡ್ಡ ಬಂದರು. "ಇಂಥ ಮಗೂಗೆ."

"ಇಂಥ ಮಗು ಅಂದ್ರೆ ಎಂಥದ್ದು?" ಮಾವ ಮೇಜಿನ ಮೇಲಿಂದಲೇ ಗುಡುಗಿದರು. "ತಪ್ಪು ಮಾಡಿದೀನಿ ಅಂತ ಅವಳೇ ಹೇಳ್ತಿದ್ದಾಳೆ, ಮಾಡಿ ತೋರಿಸಿದ್ದಾಳೆ. ನನ್ನ ಮೊಮ್ಮಗಳು ತಪ್ಪು ಮಾಡಿದ್ರೆ ನಾನು ಬೈಯದೆ ಇನ್ಯಾರು ಬೈಬೇಕು?"

ನನಗೆ ಅಳು ತಡೆಯಲಾಗಲಿಲ್ಲ. ಹನ್ನೆರಡು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ನನ್ನ ಮಗಳಿಗೆ ಒಂದು ಗಟ್ಟಿ ಮಾತು ಆಡಿರಲಿಲ್ಲ. ಎಲ್ಲರಿಗೂ ಬೈಗುಳದ ಪಾಲು ಒಂದಿಷ್ಟಾದರೂ ಇತ್ತು, ಓರೆನೋಟವಾಗಿಯೋ ಮೌನವಾಗಿಯೋ. ಇವಳಿಗೆ ಬರೀ ಕರವಸ್ತ್ರ. ವೆನಿಂಗ್ ತಲೆ ತಗ್ಗಿಸಲು ಪ್ರಯತ್ನಿಸುತ್ತಿದ್ದಳು, ಬೈಸಿಕೊಳ್ಳುವವರು ಹಾಗೆ ಮಾಡಬೇಕು ಎಂದು ಅವಳಿಗೂ ಗೊತ್ತು. ಆದರೆ ಮುಖದ ತುಂಬ ನಗು.

ಮಾವನ ಕೂಗು ನಿಂತಿತು. ಅವರು ಸುತ್ತ ನೋಡಿ, ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದ ಮಗನನ್ನು ಹುಡುಕಿದರು.

"ತುಗಿಮಾನ್."

ಅತ್ತೆ ಅಭ್ಯಾಸದಂತೆ ಸಂದೇಶಕ್ಕೆ ತಯಾರಾಗಿ ತಿರುಗಿದರು. ಮಾವ ಅವರನ್ನು ನೋಡಲಿಲ್ಲ. "ಬಾರೋ ಇಲ್ಲಿ," ಎಂದರು. ತುಗಿಮಾನ್ ಬಂದು ಮೇಜಿನ ಪಕ್ಕ ನಿಂತ. ಮಾವ ಇಳಿಯಲು ನೋಡಿದರು, ಕಾಲು ಸ್ಟೂಲಿಗೆ ಎಟಕಲಿಲ್ಲ. ಕೂತಲ್ಲಿಂದಲೇ ಮಗನ ಹೆಗಲು ಹಿಡಿದು, ತಲೆ ತಗ್ಗಿಸಿ, "ಒಂದು ವರ್ಷ ನಿನಗೆ ಅನ್ಯಾಯ ಮಾಡ್ದೆ ಕಣೋ. ತಪ್ಪು ನಂದು," ಎಂದರು.

ತುಗಿಮಾನ್ ಮುಖ ಒರೆಸಿಕೊಂಡ. ಅವನು ಅತ್ತೆಯ ಕಡೆ ತಿರುಗಿ, "ಇಬು, ಬಪಾಕ್‌ಗೆ ಹೇಳಿ, ಪರವಾಗಿಲ್ಲ ಅಂತ," ಎಂದ.

"ನೀನೇ ಹೇಳೋ," ಎಂದರು ಅತ್ತೆ. "ನನಗೆ ಸಾಕಾಗಿದೆ."

ಅಷ್ಟಕ್ಕೆ ಹಜಾರವೆಲ್ಲ ನಕ್ಕಿತು, ಮಾವನೂ ನಕ್ಕರು. ನಗು ಇಳಿದ ಮೇಲೆ ಅವರು ಟೋಪಿ ಸರಿಮಾಡಿಕೊಂಡು ಮತ್ತೆ ಹಿರಿಯರಾದರು. ವೆನಿಂಗ್‌ಳ ಕೈ ಇನ್ನೂ ಅವರ ಮೊಣಕಾಲಿನ ಮೇಲಿತ್ತು. ಅದರ ಮೇಲೆ ತಮ್ಮ ಕೈಯಿಟ್ಟು, "ಕ್ಷಮಿಸಿದೀನಿ," ಎಂದರು, ಬೇರೆ ಮೊಮ್ಮಕ್ಕಳಿಗೆ ಹೇಳಿದಷ್ಟೇ ಬಿಗಿಯಾಗಿ. "ಇನ್ನೇನಾದ್ರೂ ಇದ್ಯಾ?"

ಇದು ಸುಮ್ಮನೆ ಕೇಳುವ ಮಾತು. ಯಾರೂ ಇದಕ್ಕೆ ಉತ್ತರ ಕೊಡುವುದಿಲ್ಲ, ಕೈಗೆ ಮುತ್ತಿಟ್ಟು ಎದ್ದು ಹೋಗುತ್ತಾರೆ. ಸಾಲಿನಲ್ಲಿ ಅವಳ ಹಿಂದೆ ಇನ್ನೂ ಒಂಬತ್ತು ಮೊಮ್ಮಕ್ಕಳಿದ್ದರು, ಕೋಳಿ ಸಾರು ನೆಲದ ಮೇಲೆ ಆರುತ್ತಿತ್ತು.

"ಇದೆ," ಎಂದಳು ವೆನಿಂಗ್.

ಮಾವ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದರು. ದೊಡ್ಡತ್ತೆ ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ಚಾಪೆಯ ಮೇಲೆ ಕೂತರು. ನಾವು ಮೂವತ್ತು ಜನವೂ, ಅವಳ ಮುಂದಿನ ಪದಕ್ಕಾಗಿ ಕಾದೆವು.